ಕೊಂಬು ಓರೆ, ನಡಿಗೆ ನೆಟ್ಟಗೆ

2024ರ ಜೂನ್ ತಿಂಗಳು. ಮಿಶಿಗನ್‌ನ ಲುಡಿಂಗ್ಟನ್ ಸ್ಟೇಟ್ ಪಾರ್ಕಿನಲ್ಲಿ ಮೂರು ಕನ್ನಡ ಸಂಸಾರಗಳು ಬೆಂಕಿ ಹಾಕಿಕೊಂಡು ಕೂತಿದ್ದೆವು. ಒಂದು ಕಡೆ ಹ್ಯಾಮ್ಲಿನ್ ಸರೋವರ, ಇನ್ನೊಂದು ಕಡೆ ಕಡಲಿನ ಹಾಗೆಯೇ ಮೊರೆಯುವ ಮಿಶಿಗನ್ ಸರೋವರ. ರಾತ್ರಿ ಒಂಬತ್ತೂವರೆಯಾದರೂ ಬೆಳಕು ಪೂರ್ತಿ ಹೋಗಿರಲಿಲ್ಲ. ಚುರುಮುರಿ ಖಾಲಿಯಾಗಿ, ಜೋಳದ ತೆನೆಗಳು ಕೆಂಡದ ಮೇಲೆ ಚಟಪಟ ಅನ್ನುತ್ತಿದ್ದವು. ಟಾರ್ಚ್ ಹಿಡಿದು ಅಲೆಯುತ್ತಿದ್ದ ಗೆಳೆಯನ ಹನ್ನೆರಡು ವರ್ಷದ ಮಗ ನನ್ನ ಕ್ಯಾಂಪರಿನ ಹಿಂದಿನಿಂದ ಬಂದವನೇ ಎಲ್ಲರಿಗೂ ಕೇಳುವಂತೆ ಹೇಳಿದ: "ಅಂಕಲ್, ನಿಮ್ಮ ಗಾಡಿ ಸೊಟ್ಟಗಿದೆ. ಎಡಗಡೆ ಪೆಟ್ಟಿಗೆ ಫ್ರೇಮಿಗಿಂತ ಒಂದಿಂಚು ಆಚೆ ಬಂದಿದೆ. ಬಲಗಡೆ ಸರಿಯಾಗಿದೆ."

ಒಂಬತ್ತು ವರ್ಷದಲ್ಲಿ ಯಾರ ಕಣ್ಣಿಗೂ ಬೀಳದ ಗುಟ್ಟು ಅದು. ನನ್ನ ಹೆಂಡತಿ ನಕ್ಕು, "ಕೇಳಿಬಿಟ್ಟೆಯಲ್ಲ, ಇನ್ನು ಮಲಗಿದ ಹಾಗೇ" ಅಂದಳು. ಅವತ್ತು ಆ ಹುಡುಗನಿಗೆ ಹೇಳಿದ ಕಥೆ ಇದು.

ನಮ್ಮೂರು ದೊಡ್ಡಬಳ್ಳಾಪುರದ ಕಡೆ. ಚಳಿಗಾಲ ಬಂತೆಂದರೆ ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆ. ತಾತ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ವ್ಯಾಪಾರ ಬಾಯಲ್ಲಿ ನಡೆಯುವುದಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ನಡೆಯುತ್ತದೆ. ಆದರೆ ಬೆರಳು ಹಿಡಿಯುವ ಮಾತು ಆಮೇಲೆ. ಮೊದಲು ತುಟಿ ಬಿಡಿಸಿ ಹಲ್ಲಿನಲ್ಲಿ ವಯಸ್ಸು ನೋಡಬೇಕು, ಬಾಯಿಗೂಡಿದೆಯೋ ಇಲ್ಲವೋ ಅಂತ. ಆಮೇಲೆ ಮೈಮೇಲಿನ ಸುಳಿ. ಕಡೆಯಲ್ಲಿ ಎತ್ತನ್ನು ಒಂದಷ್ಟು ದೂರ ನಡೆಸಿ, ಹಿಂದೆ ನಿಂತು ಹೆಜ್ಜೆ ನೋಡಬೇಕು. ಒಮ್ಮೆ ಎಲ್ಲರೂ ಬಿಟ್ಟುಹೋದ ಒಂದು ಓರೆಕೊಂಬಿನ ಎತ್ತನ್ನು ತಾತ ಹಿಡಿದು ತಂದರು. ಅಜ್ಜಿ ಬೈದಾಗ ಅವರು ಹೇಳಿದ್ದು ಇಷ್ಟೇ: "ಕೊಂಬಿನಲ್ಲಿ ಉಳ್ತೀಯಾ?"

ಈಗ 2015ರ ಮೇ ತಿಂಗಳಿಗೆ ಬನ್ನಿ. ಡೆಟ್ರಾಯಿಟ್ ಹತ್ತಿರದ ಬಡಾವಣೆಯಲ್ಲಿ ನಮ್ಮ ಮನೆ, ಪಕ್ಕದಲ್ಲಿ ಕಾರಿನ ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ವೆಲ್ಡರ್. ನನಗೆ ಟಿಯರ್‌ಡ್ರಾಪ್ ಕ್ಯಾಂಪರ್ ಕಟ್ಟುವ ಹುಚ್ಚು ಹತ್ತಿತ್ತು. ಮುಂದೆ ಇಬ್ಬರು ಮಲಗುವಷ್ಟು ಜಾಗ, ಹಿಂದಿನ ಮುಚ್ಚಳ ಎತ್ತಿದರೆ ಅಡುಗೆಮನೆ, ಪಕ್ಕದಿಂದ ನೋಡಿದರೆ ಮಲಗಿದ ನೀರಿನ ಹನಿ. ಅಮೆರಿಕದವರು 1930ರ ದಶಕದಿಂದಲೇ ಇದನ್ನು ಮನೆಯ ಹಿತ್ತಲಲ್ಲಿ ಕಟ್ಟುತ್ತ ಬಂದಿದ್ದಾರೆ. ಎರಡನೇ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, 'ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್' ಪತ್ರಿಕೆ ನಕ್ಷೆಯನ್ನೇ ಅಚ್ಚು ಹಾಕಿತ್ತು. ಮರದ ಕೆಲಸ ನನ್ನಿಂದ ಆಗುತ್ತಿತ್ತು, ಕಬ್ಬಿಣದ್ದು ಆಗುತ್ತಿರಲಿಲ್ಲ. ಹಾಗಾಗಿ ಹಳೆಯ ಫ್ರೇಮ್ ಹುಡುಕಾಟ.

ಮಿಶಿಗನ್‌ನಲ್ಲಿ ಹಳೆಯ ಕಬ್ಬಿಣ ಕೊಳ್ಳುವುದೆಂದರೆ ಉಪ್ಪಿನ ಜೊತೆ ಜೂಜಾಡಿದ ಹಾಗೆ. ಡೆಟ್ರಾಯಿಟ್ ಊರಿನ ಅಡಿಯಲ್ಲೇ, ಸಾವಿರ ಅಡಿಗೂ ಆಳದಲ್ಲಿ, ಉಪ್ಪಿನ ಗಣಿಯಿದೆ. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಸುರಿಯುವ ಉಪ್ಪು ಗಾಡಿಗಳ ಹೊಟ್ಟೆಯನ್ನು ಕೆಳಗಿನಿಂದ ತಿನ್ನುತ್ತದೆ. ವೆಲ್ಡರ್ ನನ್ನ ಕೈಗೆ ಒಂದು ಚಿಕ್ಕ ಸುತ್ತಿಗೆ, ಒಂದು ಆಯಸ್ಕಾಂತ, ಒಂದು ಉಂಡೆ ನೂಲು ಕೊಟ್ಟು ಉಪಯೋಗ ಹೇಳಿಕೊಟ್ಟ. ಸುತ್ತಿಗೆಯಿಂದ ತಟ್ಟಿದರೆ ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ಕೊಂಡವರಿಗೆ ಇದರಲ್ಲಿ ಹೊಸದೇನಿಲ್ಲ. ತೂತಿಗೆ ಪುಟ್ಟಿ ಮೆತ್ತಿ ಬಣ್ಣ ಬಳಿದಿದ್ದರೆ ಅಲ್ಲಿ ಆಯಸ್ಕಾಂತ ಹಿಡಿಯುವುದಿಲ್ಲ. ಮೊದಲು ನೋಡಿದ ಫ್ರೇಮು ಕಪ್ಪು ಬಣ್ಣದಲ್ಲಿ ಮದುವೆಮನೆಯ ಹುಡುಗನಂತೆ ಹೊಳೆಯುತ್ತಿತ್ತು. ಕಾರಿಗೆ ಸಿಗಿಸುವ ಮೂತಿಯ ಅಡಿಯಲ್ಲಿ ಆಯಸ್ಕಾಂತ ಜಾರಿ ಕೆಳಗೆ ಬಿತ್ತು. ನಮಸ್ಕಾರ ಹೇಳಿ ಬಂದೆ.

ಎರಡನೆಯದು ಜಾಕ್ಸನ್ ಹತ್ತಿರದ ಒಂದು ಜಮೀನಿನಲ್ಲಿತ್ತು. ಮಡಿಸುವ ಗುಡಾರದ ಕ್ಯಾಂಪರ್ ಒಂದರ ಅಸ್ಥಿಪಂಜರ. ಬಟ್ಟೆಯನ್ನು ಇಲಿ ತಿಂದು, ಪೆಟ್ಟಿಗೆಯನ್ನು ಮಳೆ ತಿಂದು, ಉಳಿದದ್ದು ಹತ್ತಡಿ ಉದ್ದ, ಐದಡಿ ಅಗಲದ ಉಕ್ಕು. ರೈತ ಅದರ ಮೇಲೆ ಸೌದೆ ಸಾಗಿಸುತ್ತಿದ್ದ. ಹೇಳಿದ ಬೆಲೆ 400 ಡಾಲರ್.

ಕಾಗದ ನೋಡಿದೆ. ಹಳೆಯ ನೋಂದಣಿ ಚೀಟಿಯಲ್ಲಿದ್ದ ಸಂಖ್ಯೆಯನ್ನು ಮೂತಿಯ ತುಕ್ಕು ಉಜ್ಜಿ ಕಂಡ ಸಂಖ್ಯೆಗೆ ಹೋಲಿಸಿದೆ, ತಾಳೆಯಾಯಿತು. ಇದಾಗದಿದ್ದರೆ ಸುತ್ತಿಗೆ ಹೊರಗೆ ತೆಗೆಯುವುದೇ ಬೇಡ ಎಂದು ವೆಲ್ಡರ್ ಹೇಳಿ ಕಳಿಸಿದ್ದ. ಆಮೇಲೆ ಹಲ್ಲು. ಟೈರಿನ ಪಕ್ಕೆಯಲ್ಲಿ ಡಿಒಟಿ ಎಂಬ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಅದರ ಜಾತಕ: ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಇಲ್ಲಿ 3404 ಅಂತಿತ್ತು, ಅಂದರೆ 2004ರ 34ನೇ ವಾರ. ಗೀರು ಆಳವಾಗಿಯೇ ಇದ್ದರೂ ಹನ್ನೊಂದು ವರ್ಷದ ರಬ್ಬರ್ ನಂಬುವಂಥದ್ದಲ್ಲ. ಸುತ್ತಿಗೆ ಹಿಡಿದು ಸುತ್ತ ತಟ್ಟುತ್ತ ಬಂದೆ. ಎಲ್ಲ ಕಡೆ ಟಣ್.

ಎಡಗಡೆ ಬಂದಾಗ ಸುಳಿ ಕಂಡಿತು. ಅಚ್ಚಿನ ಮೇಲಿನ ಪಟ್ಟಿ ಸ್ಪ್ರಿಂಗುಗಳನ್ನು ಫ್ರೇಮಿಗೆ ತೂಗುಹಾಕುವ ಹ್ಯಾಂಗರುಗಳ ಬೆಸುಗೆ ಬಲಗಡೆ ಕಾರ್ಖಾನೆಯದು, ಸಣ್ಣಗೆ, ಸಮನಾಗಿ. ಎಡಗಡೆ ಯಾರೋ ಕೈಯಲ್ಲಿ ಹಾಕಿದ್ದು, ಹಲಸಿನ ಸಿಪ್ಪೆಯಂತೆ ಗುಂಡುಗುಂಡಾಗಿ. ಪಕ್ಕದಲ್ಲೇ, ಒಂದಿಂಚು ಮುಂದೆ, ಹಳೆಯ ಬೆಸುಗೆ ಉಜ್ಜಿ ತೆಗೆದ ಗಾಯ.

ನೂಲು ಬಿಚ್ಚಿದೆ. ಊರಲ್ಲಿ ಮನೆಗೆ ಪಾಯ ಗುರುತು ಹಾಕುವಾಗ ಗಾರೆಯವರು ಮೂಲೆಯಿಂದ ಮೂಲೆಗೆ ನೂಲು ಹಿಡಿಯುತ್ತಾರಲ್ಲ, ಹಾಗೆ. ಎರಡೂ ಕರ್ಣ ಸಮ ಬಂದರೆ ಆಯತ, ಬರದಿದ್ದರೆ ಓರೆ. ಒಂದೂಮುಕ್ಕಾಲು ಇಂಚು ವ್ಯತ್ಯಾಸ ಬಂತು. ಅಂದರೆ ಎಡಗಡೆಯ ಉದ್ದನೆಯ ಕಂಬಿ ಸುಮಾರು ಒಂದಿಂಚು ಮುಂದಕ್ಕೆ ಸರಿದಿದೆ, ಹಿಂದಿನಿಂದ ಗುದ್ದು ತಿಂದ ಹಾಗೆ. ಸೊಟ್ಟ ಫ್ರೇಮು, ಮೇಲೆ ಅಪರಿಚಿತ ಬೆಸುಗೆ. ನೂಲು ಸುತ್ತಿಕೊಂಡು ಹೊರಡಬೇಕಿತ್ತು. ಆದರೆ ಆ ಒಂದಿಂಚು ನನ್ನ ತಲೆ ಕೊರೆಯತೊಡಗಿತು. ಫ್ರೇಮು ಒಂದಿಂಚು ಮುಂದೆ ಹೋಗಿದೆ, ಹ್ಯಾಂಗರು ಒಂದಿಂಚು ಹಿಂದೆ ಬಂದಿದೆ. ಇದು ಎಡವಟ್ಟೋ, ಲೆಕ್ಕವೋ?

ನೂಲಿನ ಒಂದು ತುದಿಯನ್ನು ಮೂತಿಯಲ್ಲಿ, ಕಾರಿನ ಗುಂಡು ಕೂರುವ ಕಪ್ಲರಿನ ನಡುವಿಗೆ ಹಿಡಿಯಲು ಹೆಂಡತಿಗೆ ಹೇಳಿದೆ. ಇನ್ನೊಂದು ತುದಿಯನ್ನು ಅಚ್ಚಿನ ಬಲತುದಿಗೆ ಎಳೆದು ಗಂಟು ಹಾಕಿ, ಅದೇ ಗಂಟನ್ನು ಎಡತುದಿಗೆ ತಂದೆ. ಕೂತಿತು. ಎಂಟನೇ ಒಂದಿಂಚಿನಷ್ಟೂ ಆಚೀಚೆ ಇಲ್ಲ. ಗಾಡಿ ನೆಟ್ಟಗೆ ಓಡಲು ಫ್ರೇಮಿನ ನಾಲ್ಕು ಮೂಲೆ ಮಟ್ಟವಾಗಿರಬೇಕಿಲ್ಲ. ಎಳೆಯುವ ಬಿಂದುವಿನಿಂದ ಅಚ್ಚಿನ ಎರಡು ತುದಿಗೂ ದೂರ ಸಮ ಇರಬೇಕು. ಅದು ತಪ್ಪಿದರೆ ಗಾಡಿ ಏಡಿಯಂತೆ ಓರೆಯಾಗಿ ಓಡಿ ಟೈರು ಸವೆಸುತ್ತದೆ. ಇಲ್ಲಿ ಯಾರೋ ಕೊಂಬು ತಿದ್ದುವ ಗೋಜಿಗೆ ಹೋಗದೆ ನಡಿಗೆ ತಿದ್ದಿದ್ದರು.

ನೂಲು ನೋಡುತ್ತ ನಿಂತಿದ್ದ ರೈತ ಟೋಪಿ ತೆಗೆದು ತಲೆ ಕೆರೆದುಕೊಂಡ. ಮಗ ಹೊಸದಾಗಿ ಗಾಡಿ ಕಲಿಯುವಾಗ ಹಿಂದಕ್ಕೆ ಬಿಟ್ಟು ವಾಲ್ನಟ್ ಮರಕ್ಕೆ ಗುದ್ದಿದ್ದನಂತೆ. ಹ್ಯಾಂಗರು ಕತ್ತರಿಸಿ ಹಿಂದಕ್ಕೆ ಬೆಸೆದದ್ದು ತಾನೇ, ಹೇಳಲು ಮರೆತಿದ್ದ. ಇಲ್ಲಿ ಟವೆಲ್ಲಿರಲಿಲ್ಲ, ಆದರೂ ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಅವನು ಆಕಾಶ ನೋಡಿ 300 ಅಂದ, ನಾನು ನೆಲ ನೋಡಿ 250 ಅಂದೆ. 275ಕ್ಕೆ ಕೈಕೊಟ್ಟೆವು.

ಇಲ್ಲಿಯವರೆಗೆ ನಾನು ಜಾಣ. ಹುಡುಗ ಕೂಡ ಜೋಳ ತಿನ್ನುವುದು ಬಿಟ್ಟು ಕೇಳುತ್ತಿದ್ದ. ಮುಂದಿನದನ್ನು ಹೆಂಡತಿಯೇ ಹೇಳತೊಡಗಿದಳು, ನಾನು ಬಿಟ್ಟುಬಿಡುತ್ತೇನೆಂಬ ಭಯದಿಂದ.

ಹಳೆಯ ಟೈರು ಬೇಡವೆಂದು ವೆಲ್ಡರ್ ತನ್ನ ದೋಣಿಗಾಡಿಯ ಎರಡು ಚಕ್ರ ಕೊಟ್ಟು ಕಳಿಸಿದ್ದ. ಐದು ಬೋಲ್ಟಿನವು, ಇದಕ್ಕೂ ಕೂರುತ್ತಿದ್ದವು. ಜೊತೆಗೆ ಒಂದು ಗ್ರೀಸಿನ ಡಬ್ಬಿ. "ಹಬ್ ಬಿಚ್ಚಿ ಬೇರಿಂಗ್ ನೋಡದೆ ಎಳೆದು ತರಬೇಡ" ಅಂತ ಎರಡು ಸಲ ಹೇಳಿದ್ದ. ಚಕ್ರ ಬದಲಾಯಿಸುವಾಗ ಬಲಗಡೆಯದನ್ನು ತಿರುಗಿಸಿದೆ. ಒಳಗೆ ಮರಳು ಅರೆದಂಥ ಸಣ್ಣ ಸದ್ದು. ಹೆಂಡತಿ ಕೇಳಿಸಿಕೊಂಡಳು, ನಾನು ಕೇಳಿಸಿಕೊಳ್ಳಲಿಲ್ಲ. ಹೋದ ವರ್ಷ ಗ್ರೀಸ್ ಹಾಕಿದೆ ಎಂದು ರೈತ ಹೇಳಿದ್ದ, ಮೋಡ ಕವಿದಿತ್ತು, ಮೇಲಾಗಿ ಅವತ್ತು ನನ್ನ ಅಹಂಕಾರ ಬಹಳ ಎತ್ತರದಲ್ಲಿತ್ತು. ಕಪ್ಲರಿನ ಅಡಿಯಲ್ಲಿ ಸರಪಳಿಗಳನ್ನು ಕತ್ತರಿಯಾಗಿ ಹಾಯಿಸಿ ಹೊರಟೆವು.

ಐ-94 ಹೆದ್ದಾರಿಯಲ್ಲಿ ಚೆಲ್ಸಿ ಊರಿನ ಹತ್ತಿರ ಸೀದ ವಾಸನೆ ಬಂತು. ಊರೊಳಗೆ ತಿರುಗಿಸಿ, ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ, ಎಡಗಡೆಯ ಹಬ್ ಮೇಲೆ ಅಂಗೈ ಇಟ್ಟೆ: ಬೆಚ್ಚಗೆ, ಅಷ್ಟೇ. ಬಲಗಡೆಯದರ ಮೇಲೆ ಇಟ್ಟ ಕೈಯನ್ನು ಇಟ್ಟಷ್ಟೇ ಬೇಗ ಎಳೆದುಕೊಂಡೆ. ಹಲ್ಲು ನೋಡಿದ್ದೆ, ಸುಳಿ ನೋಡಿದ್ದೆ, ನಡಿಗೆ ನೋಡಿದ್ದೆ. ಗೊರಸು ಎತ್ತಿ ನೋಡಿರಲಿಲ್ಲ.

ಫೋನಿನಲ್ಲಿ ವೆಲ್ಡರ್ ಬೈಯಲಿಲ್ಲ. "ತಣ್ಣಗಾಗಲಿ, ಬರ್ತೇನೆ" ಅಂದ. ಒಂದು ಗಂಟೆಯ ಮೇಲೆ ಬಂದು ಜ್ಯಾಕ್ ಏರಿಸಿ, ತುದಿಯ ಮುಚ್ಚಳ ಕಿತ್ತು, ಕಾಟರ್ ಪಿನ್ ತೆಗೆದು ಹಬ್ ಹೊರಗೆಳೆದ. ಗ್ರೀಸ್ ಡಾಂಬರಿನಂತಾಗಿತ್ತು. ಶಂಕುವಿನಾಕಾರದ ಬೇರಿಂಗಿನ ಉರುಳೆಗಳು ಬಿಸಿಗೆ ನೀಲಿಗಟ್ಟಿದ್ದವು. ಅಂಚಿನಲ್ಲಿ ಎಲ್44649 ಎಂಬ ಅಚ್ಚು ಓದಿ ನಕ್ಕ: ಸಣ್ಣ ಟ್ರೈಲರುಗಳಲ್ಲಿ ಇದಕ್ಕಿಂತ ಸಾಮಾನ್ಯವಾದ ಬೇರಿಂಗ್ ಇನ್ನೊಂದಿಲ್ಲ, ಅವನ ಜೇಬಿನಲ್ಲೇ ಒಂದು ಜೊತೆ ಇತ್ತು. ಹೊಸ ಬೇರಿಂಗಿನ ಉರುಳೆಗಳ ನಡುವಿನಿಂದ ಉಕ್ಕಿ ಬರುವವರೆಗೆ ಅಂಗೈಯಲ್ಲಿ ಗ್ರೀಸ್ ಒತ್ತಲು ನನ್ನನ್ನೇ ಹಚ್ಚಿದ. ಹಬ್ ತಿರುಗಿಸುತ್ತ ನಟ್ಟನ್ನು ಬಿಗಿಯಬೇಕು, ಆಮೇಲೆ ಸಡಿಲಿಸಿ ಬೆರಳಿನಲ್ಲಿ ತಿರುಗಿಸುವಷ್ಟೇ ಬಿಗಿಯಿಟ್ಟು ಪಿನ್ ಹಾಕಬೇಕು. ಬಿಗಿ ಹೆಚ್ಚಾದರೂ ಕಾಯುತ್ತದೆ, ಸಡಿಲ ಹೆಚ್ಚಾದರೂ ಅಲುಗುತ್ತದೆ. ಆ ನೀಲಿ ಬೇರಿಂಗ್ ಈಗಲೂ ನನ್ನ ಗ್ಯಾರೇಜಿನ ಕಿಟಕಿಯಲ್ಲಿದೆ.

ಮನೆಗೆ ಬಂದ ಮೇಲೆ ಎಡಗಡೆಯ ಹಲಸಿನ ಸಿಪ್ಪೆಯ ಮೇಲೆ ಅವನು ತನ್ನ ಒಂದು ಸಾಲು ಬೆಸುಗೆ ಎಳೆದ. ಫ್ರೇಮನ್ನು ಎಳೆದು ನೇರ ಮಾಡೋಣವೇ ಎಂದು ಕೇಳಿದೆ; ಬೇಡ ಅಂದ. ಓರೆ ಫ್ರೇಮಿನ ಮೇಲೆ ಮಟ್ಟವಾದ ಪ್ಲೈವುಡ್ ಪೆಟ್ಟಿಗೆ ಕಟ್ಟಿದೆ, ಎಡಗಡೆ ಹಿಂದೆ ಒಂದಿಂಚು ಆಚೆ ಬಂತು. ಮುಗಿದ ದಿನ ಲಾರಿ ತೂಗುವ ಕಾಟಾದ ಮೇಲೆ ನಿಲ್ಲಿಸಿದಾಗ 1,150 ಪೌಂಡ್. ಮೂತಿಯ ಮೇಲೆ 130. ಒಟ್ಟು ತೂಕದಲ್ಲಿ ನೂರಕ್ಕೆ ಹತ್ತರಿಂದ ಹದಿನೈದು ಭಾಗ ಮೂತಿಯಲ್ಲಿದ್ದರೆ ಗಾಡಿ ಬಾಲ ಆಡಿಸುವುದಿಲ್ಲ. ಮಿಶಿಗನ್‌ನಲ್ಲಿ ಟ್ರೈಲರಿಗೆ ಕೊಡುವ ನಂಬರ್ ಪ್ಲೇಟ್ ಶಾಶ್ವತ, ಒಮ್ಮೆ ಹಣ ಕಟ್ಟಿದರೆ ನವೀಕರಣವಿಲ್ಲ. ಅಂದು ಹೊಡೆದ ಪ್ಲೇಟೇ ಇಂದೂ ಇದೆ.

ಹುಡುಗ ಟಾರ್ಚ್ ಹಿಡಿದು ಮತ್ತೆ ಹಿಂದೆ ಹೋದ. ಈ ಸಲ ಬಗ್ಗಿ ಟೈರು ನೋಡಿ ಬಂದ. "ಎರಡೂ ಒಂದೇ ಸಮ ಸವೆದಿವೆ" ಅಂದ. ತಾತ ಇದ್ದಿದ್ದರೆ ಅವನನ್ನು ಘಾಟಿಗೆ ಕರೆದುಕೊಂಡು ಹೋಗುತ್ತಿದ್ದರು.

ಹಳೆಯ ಫ್ರೇಮ್ ನೋಡಲು ಹೊರಟವರು ಯಾರಾದರೂ ಇದನ್ನು ಓದುತ್ತಿದ್ದರೆ ಸುತ್ತಿಗೆ, ಆಯಸ್ಕಾಂತ, ನೂಲು ತೆಗೆದುಕೊಂಡು ಹೋಗಿ. ಗ್ರೀಸಿನ ಡಬ್ಬಿಯನ್ನೂ ಒಯ್ಯಿರಿ. ಒಯ್ದರೆ ಸಾಲದು, ಹೊರಡುವ ಮುನ್ನ ಅದನ್ನು ಬಿಚ್ಚಿ.