ನಮ್ಮ ಮನೆಯ ಮದುವೆಯೂ ಪುರೋಹಿತಬಾಯಿಯವರೂ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದ್ದಾರೆ. ಸರಕಾರಿ ಕಚೇರಿಯ ಗುಮಾಸ್ತರಾದ ನಮಗೆ ಈ ಪುಣೆಯಲ್ಲಿ ಮನೆ ಕಟ್ಟುವ ಯೋಗವಂತೂ ಇನ್ನೂ ಬಂದಿಲ್ಲ. ಬರುವ ಲಕ್ಷಣವೂ ಇಲ್ಲ. ಆದರೆ ಮದುವೆಯನ್ನು ಮಾಡಿ ನೋಡಿದೆವು. ಅದೂ ನಮ್ಮ ಅಕ್ಕನ ಮಗಳ ಮದುವೆ.

ಭಾವನವರು ತೀರಿಕೊಂಡಾಗ ಹುಡುಗಿಗೆ ಒಂಬತ್ತು ವರ್ಷ. ಅಕ್ಕ ಧಾರವಾಡ ಬಿಟ್ಟು ಪುಣೆಯಲ್ಲಿದ್ದ ತವರಿಗೆ ಬಂದಳು. ಹೊಲಿಗೆ ಯಂತ್ರ ತುಳಿದು, ದೀಪಾವಳಿಗೆ ಮನೆಮನೆಗೆ ಚಕ್ಕಲಿ ಮಾಡಿಕೊಟ್ಟು, ಮಗಳನ್ನು ಓದಿಸಿ ನೌಕರಿಗೆ ಹಚ್ಚಿದಳು. ಆ ಮಗಳು ತನ್ನ ಕಚೇರಿಯ ಮರಾಠಿ ಹುಡುಗನೊಬ್ಬನನ್ನು ಮೆಚ್ಚಿದಳು. ಹುಡುಗ ಒಳ್ಳೆಯವನು, ಮನೆಯವರೂ ಸಜ್ಜನರು. ಆ ಬಗ್ಗೆ ಯಾರದೂ ತಕರಾರಿರಲಿಲ್ಲ. ತಕರಾರು ಹುಟ್ಟಿದ್ದು ಬೇರೆ ಕಡೆ. ಧಾರೆ ಎರೆಯುವವರು ಯಾರು?

“ದಂಪತಿಗಳ ಎರೀಬೇಕು. ಸೋದರಮಾವ, ಅತ್ತಿ ಕೂಡ್ಲಿ” ಎಂದು ಧಾರವಾಡದ ಹಿರಿಯರು ಫೋನಿನಲ್ಲಿಯೇ ತೀರ್ಪು ಕೊಟ್ಟರು. ಅಕ್ಕ ಮರುಮಾತಾಡದೆ, “ಹಂಗ ಆಗ್ಲಿ. ನಾ ಅಡಿಗಿ ಕಡೆ ನೋಡಿಕೋತೀನಿ” ಅಂದಳು. ಸೋದರಮಾವಂದಿರಾದ ನಾವು ಬೇಡವೆನ್ನಬೇಕಾಗಿತ್ತು, ಅನ್ನಲಿಲ್ಲ. ಓದುಗರಲ್ಲಿ ಏಕೆ ಮುಚ್ಚಿಡಬೇಕು? ಆ ಮಾನ ನಮಗೆ ಒಳಗೊಳಗೇ ಬೇಕಾಗಿತ್ತು. ಜರಿಯಂಚಿನ ಧೋತರದ ಜೋಡಿಯನ್ನು ಆ ವಾರವೇ ಕೊಂಡು ತಂದೆವು.

ಪುರೋಹಿತರನ್ನು ಗೊತ್ತುಮಾಡುವ ಕೆಲಸವನ್ನು ಗಂಡಿನವರು ವಹಿಸಿಕೊಂಡರು. ಒಂದು ಆದಿತ್ಯವಾರ ಅವರೊಡನೆ ಬಂದವರು, ನಮ್ಮ ಆಶ್ಚರ್ಯಕ್ಕೆ, ಅರವತ್ತರ ಆಸುಪಾಸಿನ ಒಬ್ಬ ಹೆಣ್ಣುಮಗಳು. ಪುಣೆಯಲ್ಲಿ ಇದು ಹೊಸದೇನಲ್ಲ. 1962ರಲ್ಲಿ ಇಲ್ಲಿ ಸ್ಥಾಪನೆಯಾದ ಜ್ಞಾನ ಪ್ರಬೋಧಿನಿಯಂಥ ಸಂಸ್ಥೆಯಲ್ಲಿ ಹೆಂಗಸರಿಗೂ, ಎಲ್ಲ ಜಾತಿಯವರಿಗೂ ಪೌರೋಹಿತ್ಯ ಕಲಿಸುತ್ತಾರೆ. ಮಂತ್ರದ ಬೆನ್ನಿಗೇ ಅದರ ಅರ್ಥವನ್ನು ಹೇಳುವುದು ಅವರ ಪದ್ಧತಿ. ಆದರೆ ಊರಲ್ಲಿ ಇರುವುದು ಬೇರೆ, ನಮ್ಮ ಮನೆಯ ಚಾಪೆಯ ಮೇಲೆ ಬಂದು ಕೂಡುವುದು ಬೇರೆ ಅಲ್ಲವೆ?

ಬಾಯಿಯವರು ಚೀಲದಿಂದ ಒಂದು ವಹಿ ತೆಗೆದು ಗೆರೆ ಎಳೆದು ಕುಳಿತರು. ನಮ್ಮ ಕಚೇರಿಯ ಮೇಲಧಿಕಾರಿಗಳೂ ಕಡತವನ್ನು ಅಷ್ಟು ಚೊಕ್ಕಟವಾಗಿ ಬರೆಯಲಾರರು. ನೆಲದ ಮೇಲೆ ಕೂಡಲಾರದ ಹಿರಿಯರು ಎಷ್ಟು ಜನ? ಹೊಗೆ ಯಾರಿಗೆ ಆಗದು? ನಿಮ್ಮ ಕಡೆ ಏನನ್ನು ಬಿಡಲಾರಿರಿ? ನಾವು ಜೀರಿಗೆ-ಬೆಲ್ಲ ಎಂದೆವು. ಅವರು ಮಂಗಳಾಷ್ಟಕ ಎಂದರು. ಅಂತರಪಟ ಎರಡೂ ಕಡೆಗೆ ಇದ್ದದ್ದರಿಂದ ಅದಕ್ಕೆ ಜಗಳವಿಲ್ಲ. ಲಾಜಾಹೋಮಕ್ಕೆ ವಧುವಿನ ಅಂಜಲಿಗೆ ಅರಳು ಹಾಕಲು ಒಡಹುಟ್ಟಿದವನಿಲ್ಲವೆಂದಾಗ ನಮ್ಮ ಮಗನ ಹೆಸರು ಬರೆದುಕೊಂಡರು. ಸಪ್ತಪದಿಯ ಅರ್ಥವನ್ನು ತಾವು ಮರಾಠಿಯಲ್ಲಿಯೂ ನಾವು ಕನ್ನಡದಲ್ಲಿಯೂ ಓದಬೇಕೆಂದು ಗೊತ್ತಾಯಿತು.

ಕಡೆಗೆ ಧಾರೆಯ ಸಾಲಿಗೆ ಬಂದರು. ನಾವು ಗಂಟಲು ಸರಿಪಡಿಸಿಕೊಂಡು ನಮ್ಮ ಹೆಸರು ಹೇಳಿದೆವು. ಅವರು ಬರೆಯಲಿಲ್ಲ.

“ಹುಡುಗಿಯನ್ನು ಸಾಕಿದವರು ಯಾರು?” ಎಂದು ಕೇಳಿದರು.

ಒಳಗೆ ಚಹದ ಕಪ್ಪುಗಳ ಸದ್ದು ನಿಂತಿತು. ಹುಡುಗಿಯೇ ಬಾಯಿಬಿಟ್ಟಳು: “ಮಾಮಾ, ನೀವು ಸಿಟ್ಟಾಗಬ್ಯಾಡ್ರಿ. ಅವ್ವ ಮಂಟಪಕ್ಕ ಬರದಿದ್ರ ನಾನೂ ಬರೂದಿಲ್ಲ.”

ಅಕ್ಕ ಬಾಗಿಲಿಗೆ ಬಂದು, “ಬ್ಯಾಡವಾ, ಮಂದಿ ಏನಂದಾರು?” ಅಂದಳು. ನಮಗೂ ಶಾಸ್ತ್ರ ನೆನಪಾಯಿತು, ಕಾನೂನೂ ನೆನಪಾಯಿತು. ಹೀಗೆ ಮಾಡಿದರೆ ಮದುವೆ ಊರ್ಜಿತವಾಗುವುದೇ ಎಂದು ಕೇಳಿದೆವು. ಬಾಯಿಯವರು ನಕ್ಕು, ನೀವೇ ಓದಿ ನೋಡಿರಿ ಎಂದರು. ಮರುದಿನ ಕಚೇರಿಯ ಬಿಡುವಿನಲ್ಲಿ ಓದಿದೆವು. 1955ರ ಹಿಂದೂ ವಿವಾಹ ಕಾಯ್ದೆಯ 7ನೆಯ ಕಲಮಿನಲ್ಲಿ, ವಧೂವರರಲ್ಲಿ ಯಾರಾದರೊಬ್ಬರ ಕಡೆಯ ರೂಢಿಯ ವಿಧಿಯಂತೆ ವಿವಾಹ ನಡೆಯಬಹುದೆಂದಿದೆ. ಸಪ್ತಪದಿ ಇರುವಲ್ಲಿ ಏಳನೆಯ ಹೆಜ್ಜೆಗೆ ವಿವಾಹ ಪೂರ್ಣ. ಧಾರೆಯ ಮಾತೇ ಅಲ್ಲಿಲ್ಲ. ಕನ್ಯಾದಾನ ಅನಿವಾರ್ಯವಲ್ಲವೆಂದು 2024ರಲ್ಲಿ ಅಲಹಾಬಾದ್ ಹೈಕೋರ್ಟೂ ಹೇಳಿದೆ. ದಿನವೂ ನಿಯಮಗಳನ್ನು ತೋರಿಸಿ ಜನರನ್ನು ಹಿಂದಕ್ಕೆ ಕಳಿಸುವ ನಾವು ಆ ದಿನ ನಿಯಮವನ್ನು ಓದಿ ನಾವೇ ಹಿಂದಕ್ಕೆ ಸರಿದೆವು.

ಅಕ್ಕನನ್ನು ಒಪ್ಪಿಸಿದ್ದು ಮಾತ್ರ ಕಾನೂನಲ್ಲ. ಬಾಯಿಯವರು ವಾದಿಸಲೇ ಇಲ್ಲ. ಎರಡನೆಯ ಸಲ ಬಂದಾಗ ತಂಬಿಗೆಯಲ್ಲಿ ನೀರು ತರಿಸಿ, “ತಾಯಿ, ಒಮ್ಮೆ ಎರೆದು ತೋರಿಸಿರಿ, ಎಷ್ಟು ಹೊತ್ತು ಬೇಕು ನೋಡೋಣ” ಎಂದರು. ಅಕ್ಕ ಎರೆದಳು. ಅವರು ವಹಿಯಲ್ಲಿ ‘ಎರಡು ನಿಮಿಷ’ ಎಂದು ಬರೆದುಕೊಂಡರು. ಅಲ್ಲಿಗೆ ಅದು ಇತ್ಯರ್ಥವಾಯಿತು.

ಮದುವೆಯ ದಿನ ಅಕ್ಕ ಹಸಿರು ಇಳಕಲ್ ಸೀರೆ ಉಟ್ಟು ಮಂಟಪದಲ್ಲಿ ಕುಳಿತಳು. ನೀರೆರೆಯುವಾಗ ಅವಳ ಕೈ ನಡುಗಿತು. ನಾವು ಹಿಂದಿನಿಂದ ತಂಬಿಗೆಯ ತಳಕ್ಕೆ ಕೈ ಕೊಟ್ಟೆವು. ಧಾರೆಯಲ್ಲಿ ನಮ್ಮ ಪಾಲು ಅಷ್ಟೇ; ಆದರೆ ಅದು ಕಡಿಮೆಯೆಂದು ಈಗ ಅನಿಸುವುದಿಲ್ಲ. ಆಮೇಲೆ ಅನ್ನಕ್ಕೆ, ಬಲಕ್ಕೆ, ಸಂಪತ್ತಿಗೆ, ಸುಖಕ್ಕೆ, ಸಂತತಿಗೆ ಎಂದು ಐದು ಹೆಜ್ಜೆಗಳನ್ನು ಗಟ್ಟಿಯಾಗಿಯೇ ಓದಿದೆವು. ಆರನೆಯ ಋತುಗಳ ಹೆಜ್ಜೆಗೆ ಕನ್ನಡಕ ಮಂಜಾಯಿತು. ಏಳನೆಯದಾದ ಸಖ್ಯದ ಹೆಜ್ಜೆಯನ್ನು, ಕಾಗದವಿಲ್ಲದೆ, ಹುಡುಗಿಯೇ ಕನ್ನಡದಲ್ಲಿ ಹೇಳಿದಳು. ಅಳಿಯನೂ ಅದನ್ನು ತೊದಲುತ್ತ ಕನ್ನಡದಲ್ಲಿಯೇ ಹೇಳಿದ.

ಎಲ್ಲರೂ ಮೆಚ್ಚಿದರೆಂದು ಬರೆದರೆ ಸುಳ್ಳಾದೀತು. ಧಾರವಾಡದ ಹಿರಿಯರೊಬ್ಬರು ಅಕ್ಷತೆ ಹಾಕಿ, ಊಟ ಮಾಡದೆ ಎದ್ದು ಹೋದರು. ಅವರ ಫೋನು ಇನ್ನೂ ಬಂದಿಲ್ಲ. ದಸರೆಗೆ ನಾವೇ ಹೋಗಿ ಬನ್ನಿ ಕೊಟ್ಟು ಕಾಲಿಗೆರಗಿ ಬರಬೇಕೆಂದಿದ್ದೇವೆ.

ಹೊರನಾಡಿನಲ್ಲಿ ಮದುವೆ ಮಾಡುವ ನಮ್ಮ ಬಂಧುಗಳಿಗೆ ಒಂದು ಮಾತು. ಸಭಾಗೃಹ, ಅಡಿಗೆಯವರು, ಜವಳಿ ಇವುಗಳಿಗೆ ತಿಂಗಳುಗಟ್ಟಲೆ ಓಡಾಡುತ್ತೇವೆ. ಪುರೋಹಿತರನ್ನು ಮಾತ್ರ ಮುಹೂರ್ತದ ಹೊತ್ತಿಗೆ ಬಂದರೆ ಸಾಕೆನ್ನುತ್ತೇವೆ. ಗಂಡಸರಿರಲಿ ಹೆಂಗಸರಿರಲಿ, ಅವರನ್ನು ಎರಡು ಸಲ ಮುಂಚೆಯೇ ಮನೆಗೆ ಕರೆದು ಕೂಡಿಸಿರಿ. ಮನೆಯವರು ಕೇಳಿಕೊಳ್ಳಲು ಅಂಜುವ ಪ್ರಶ್ನೆಯನ್ನು ಅವರು ಕೇಳಿಯಾರು.

ಜರಿಯಂಚಿನ ಧೋತರ ಪೆಟ್ಟಿಗೆಯಲ್ಲಿದೆ. ನಮಗೂ ಒಬ್ಬಳು ಮಗಳಿದ್ದಾಳೆ, ಈಗ ಆರನೆಯ ಇಯತ್ತೆ. ಅವಸರವೇನಿಲ್ಲ.