ಹತ್ತೊಂಬತ್ತು ಕೋಣೆಗಳ ಆಚೆ

‘ಪೋರ್ಟಲ್’ ಆಟದಲ್ಲಿ ನಮ್ಮ ಕೈಗೊಂದು ಗನ್ ಸಿಗುತ್ತದೆ. ಅದರಿಂದ ಗುಂಡು ಹಾರುವುದಿಲ್ಲ, ಗೋಡೆಯಲ್ಲಿ ಬಾಗಿಲು ತೆರೆಯುತ್ತದೆ. ಒಂದು ಕಡೆ ನೀಲಿ ಬಾಗಿಲು, ಇನ್ನೊಂದು ಕಡೆ ಕಿತ್ತಳೆ ಬಾಗಿಲು. ಇದರಲ್ಲಿ ಹೊಕ್ಕರೆ ಅದರಲ್ಲಿ ಹೊರಬರುತ್ತೇವೆ. 2007ರಲ್ಲಿ ವಾಲ್ವ್ ಕಂಪನಿ ಹೊರತಂದ ಈ ವಿಡಿಯೋ ಗೇಮ್ ನಿಂತಿರುವುದು ಇಷ್ಟೇ ನಿಯಮದ ಮೇಲೆ. ಎಲ್ಲವನ್ನೂ ಪಾತ್ರದ ಕಣ್ಣಿನಿಂದಲೇ ನೋಡುವುದರಿಂದ ನಾವು ನಮಗೆ ಕಾಣುವುದಿಲ್ಲ. ಬಾಗಿಲಿನಾಚೆ ಹೆಂಗಸೊಬ್ಬಳು ಕಂಡಾಗ, ಅರೆ, ಇದು ನಾನೇ ಎಂದು ಹೊಳೆಯಲು ಒಂದು ಕ್ಷಣ ಬೇಕು.

ನನ್ನ ಪಿಎಚ್‌ಡಿ 19ನೇ ಶತಮಾನದ ಕನ್ನಡ ಶಾಲಾಪಠ್ಯಗಳ ಬಗ್ಗೆ. ಮೂರನೇ ಅಧ್ಯಾಯ ಮುಂದಕ್ಕೆ ಹೋಗದೆ ಕೂತಿದ್ದ ತಿಂಗಳುಗಳಲ್ಲಿ ಹಾಸ್ಟೆಲಿನ ಹಳೇ ಲ್ಯಾಪ್‌ಟಾಪಿನಲ್ಲಿ ಇದನ್ನು ಆಡಿದೆ. ಪಠ್ಯಗಳನ್ನು ಓದಿ ಓದಿ ಅಭ್ಯಾಸವಾದ ಕಣ್ಣಿಗೆ ಮೊದಲು ಕಂಡದ್ದು ಆಟ ಪಾಠ ಕಲಿಸುವ ಕ್ರಮ. ಆರಂಭದಲ್ಲಿ ಬಾಗಿಲುಗಳು ತಾವೇ ತೆರೆಯುತ್ತವೆ, ನಾವು ನಡೆದರಾಯಿತು. ಆಮೇಲೆ ಸಿಗುವ ಗನ್ ನೀಲಿ ಬಾಗಿಲನ್ನಷ್ಟೇ ಮಾಡುತ್ತದೆ. ಕಿತ್ತಳೆ ಬರುವುದು ಎಷ್ಟೋ ಕೋಣೆ ದಾಟಿದ ಮೇಲೆ. ಬಾಗಿಲು ಕೂರುವುದು ತಿಳಿಬಣ್ಣದ ಗೋಡೆಯ ಮೇಲೆ, ಕಪ್ಪು ಲೋಹದ ಮೇಲಲ್ಲ. ಹಾಗಾಗಿ ಕಪ್ಪು ಗೋಡೆಗಳ ನಡುವೆ ಎಲ್ಲೋ ಎತ್ತರದಲ್ಲಿ ಬಿಳಿ ಚಪ್ಪಡಿಯೊಂದು ಕಂಡರೆ ಅದೇ ಸುಳಿವು. ನೆಲದ ಬಾಗಿಲಿಗೆ ಮೇಲಿನಿಂದ ಧುಮುಕಿದರೆ, ಬಿದ್ದ ವೇಗದಲ್ಲೇ ಗೋಡೆಯ ಬಾಗಿಲಿನಿಂದ ಚಿಮ್ಮಿ ಕಂದಕ ದಾಟುತ್ತೇವೆ. ಸೂತ್ರ ಬಾಯಿಪಾಠ ಮಾಡದೆಯೇ ಭೌತಶಾಸ್ತ್ರ ಹೊಟ್ಟೆಗೆ ತಿಳಿಯುತ್ತದೆ.

ಒಂದೇ ಕೋಣೆಯಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡರೂ ನನಗೆ ಬೇಸರವಾಗಲಿಲ್ಲ. ಬಿಡಿಸಲಿ ಎಂದೇ ಯಾರೋ ಇದನ್ನು ಕಟ್ಟಿದ್ದಾರೆ, ಉತ್ತರ ಇಲ್ಲೇ ಇದೆ ಎಂಬ ಧೈರ್ಯ. ಸಂಶೋಧನೆಯಲ್ಲಿ ಈ ಧೈರ್ಯ ಕೊಡುವವರಿಲ್ಲ. ನಾನು ಹುಡುಕುತ್ತಿದ್ದ ಎರಡನೇ ತರಗತಿಯ ಪುಸ್ತಕ ಯಾವುದಾದರೂ ಕಪಾಟಿನಲ್ಲಿದೆಯೋ, ಗೆದ್ದಲು ಹಿಡಿದು ಹೋಗಿದೆಯೋ ಯಾರಿಗೆ ಗೊತ್ತು? “ಎಲ್ಲಿಗೆ ಬಂತಮ್ಮ?” ಎಂದು ಗೈಡ್ ಕೇಳಿದಾಗಲೆಲ್ಲ ಈ ಕೋಣೆಗೆ ಬಾಗಿಲೇ ಇಲ್ಲವೇನೋ ಅನ್ನಿಸುತ್ತಿತ್ತು.

ಆಟ ಇಷ್ಟಕ್ಕೇ ಮುಗಿದಿದ್ದರೆ ಒಳ್ಳೆಯ ಪರೀಕ್ಷೆಯಷ್ಟೇ ಆಗುತ್ತಿತ್ತು. ಆದರೆ 19ನೇ ಕೋಣೆಯ ಕೊನೆಗೆ, ಅಷ್ಟು ಹೊತ್ತು ಕೇಕ್ ಕೊಡುವೆನೆಂದು ಆಸೆ ತೋರಿಸಿದ್ದ ಗ್ಲಾಡೋಸ್ ಎಂಬ ಕಂಪ್ಯೂಟರ್ ನಮ್ಮನ್ನು ಬೆಂಕಿಯ ಕಡೆ ಸಾಗಿಸುತ್ತದೆ. ಅವಳ ಲೆಕ್ಕದಲ್ಲಿ ಆಟ ಮುಗಿಯಿತು. ಆಗ ಕಣ್ಣು ತಾನಾಗಿ ಬಾಗಿಲು ಕೂರುವ ಗೋಡೆಯನ್ನು ಹುಡುಕುತ್ತದೆ. ತಪ್ಪಿಸಿಕೊಂಡು ಗೋಡೆಗಳ ಹಿಂದಕ್ಕೆ ಹೋದರೆ ಪೈಪುಗಳು, ತುಕ್ಕು, ಕತ್ತಲು. ಕೋಣೆಗೆ ನಂಬರೂ ಇಲ್ಲ. ಅದನ್ನೂ ಯಾರೋ ಯೋಚಿಸಿಯೇ ಕಟ್ಟಿದ್ದಾರೆ, ನಿಜ. ಆದರೂ ಪರೀಕ್ಷೆಗೆಂದು ಕಲಿತದ್ದು ಪರೀಕ್ಷೆಯ ಹೊರಗೆ ಕೈಹಿಡಿದಾಗ ಆಗುವ ಖುಷಿ ಬೇರೆಯೇ.

ಆ ಪುಸ್ತಕ ಇನ್ನೂ ಸಿಕ್ಕಿಲ್ಲ. ಈಗ ಒಂದನೇ ಮತ್ತು ಮೂರನೇ ತರಗತಿಯ ಪುಸ್ತಕಗಳನ್ನು ಪಕ್ಕಪಕ್ಕ ಇಟ್ಟು, ಪಾಠಗಳು ಯಾವ ಕ್ರಮದಲ್ಲಿ ಬರುತ್ತವೆಂದು ಗುರುತು ಹಾಕಿಕೊಳ್ಳುತ್ತಿದ್ದೇನೆ. ನಡುವೆ ಮಕ್ಕಳಿಗೆ ಏನು ಕಲಿಸಿದ್ದಿರಬೇಕು ಎಂಬುದು ಸ್ವಲ್ಪ ಸ್ವಲ್ಪವೇ ಕಾಣತೊಡಗಿದೆ. ಅಧ್ಯಾಯ ಮುಗಿದೀತೋ ಇಲ್ಲವೋ. ಸದ್ಯಕ್ಕೆ 14 ಪುಟ ಆಗಿದೆ.