ಚೆಂಡು ಬಾರದ ಕಡೆ

ಅಮೆರಿಕನ್ ಫುಟ್‌ಬಾಲಿನಲ್ಲಿ ಕಾರ್ನರ್‌ಬ್ಯಾಕ್ ಆದವನ ಪಾಡು ವಿಚಿತ್ರ. ಎದುರಿಗಿರುವ ರಿಸೀವರ್‌ಗೆ ತಾನು ಎಲ್ಲಿ ತಿರುಗಬೇಕೆಂದು ಮೊದಲೇ ಗೊತ್ತು, ಇವನಿಗೆ ಗೊತ್ತಿಲ್ಲ. ಅವನನ್ನೇ ನೋಡುತ್ತ ಹಿಮ್ಮುಖವಾಗಿ ಓಡಬೇಕು, ಅವನು ತಿರುಗಿದ ಕ್ಷಣವೇ ಸೊಂಟ ಹೊರಳಿಸಿ ಬೆನ್ನು ಹತ್ತಬೇಕು. ಅದನ್ನು ಚೆನ್ನಾಗಿ ಮಾಡಿದರೆ ಎದುರಾಳಿಯ ಕ್ವಾರ್ಟರ್‌ಬ್ಯಾಕ್ ಚೆಂಡನ್ನು ಅತ್ತ ಎಸೆಯುವುದೇ ಇಲ್ಲ. ಅಲ್ಲಿಗೆ ಅವನ ಒಳ್ಳೆಯ ದಿನ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ನಮ್ಮ ಕಬಡ್ಡಿಯಲ್ಲೂ ಕಾರ್ನರ್ ಇದ್ದಾನೆ. ರೈಡರ್ ಅವನ ಹತ್ತಿರ ಸುಳಿಯದೆ ವಾಪಸಾದರೆ ಅವನಿಗೂ ಅಂಕವಿಲ್ಲ.

ನಾನು ಇಲ್ಲಿ ಸಂಖ್ಯಾಶಾಸ್ತ್ರದಲ್ಲಿ ಪಿಎಚ್‌.ಡಿ. ಮಾಡುತ್ತಿದ್ದೇನೆ. ನನ್ನ ರೂಮ್‌ಮೇಟ್‌ಗೆ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಅರೆಕಾಲಿಕ ಕೆಲಸ: ಹೈಸ್ಕೂಲ್ ಹುಡುಗರ ವಿಡಿಯೊ ನೋಡಿ ಕೋಚ್‌ಗಳಿಗೆ ಟಿಪ್ಪಣಿ ಬರೆದುಕೊಡುವುದು. ರಾತ್ರಿ ಊಟವಾದ ಮೇಲೆ ನಾನೂ ಪಕ್ಕದಲ್ಲಿ ಕೂರುತ್ತೇನೆ.

ಹುಡುಗರು ಕಳಿಸುವ ಹೈಲೈಟ್ ವಿಡಿಯೊ ಗಂಡಿನ ಕಡೆಯವರು ಕಳಿಸುವ ಫೋಟೊ ಇದ್ದಂತೆ. ಬರೀ ಇಂಟರ್‌ಸೆಪ್ಷನ್, ಹಿಂದೆ ಅಬ್ಬರದ ಸಂಗೀತ. ಅದರ ಜೊತೆ ಎತ್ತರ, ತೋಳಿನ ಉದ್ದ, 40 ಗಜದ ಓಟ. 4.4 ಸೆಕೆಂಡ್ ಎಂದರೆ ಎಲ್ಲರ ಕಣ್ಣೂ ಅರಳುತ್ತದೆ. ಆದರೆ ಆ ಓಟ ನೆಟ್ಟಗೆ, ಮುಂದಕ್ಕೆ. ಕಾರ್ನರ್‌ಬ್ಯಾಕ್ ಹಾಗೆ ಓಡುವುದು ಹೆಚ್ಚಾಗಿ ತಪ್ಪಿಸಿಕೊಂಡವನನ್ನು ಅಟ್ಟುವಾಗ!

ಹುಡುಗರಿಗೆ ನಕ್ಷತ್ರ ಕೊಡುವ ವೆಬ್‌ಸೈಟುಗಳಿವೆ. ಐದು ಸಿಕ್ಕವನು ರಾಜ. ಡೆಟ್ರಾಯಿಟ್‌ನ ಸಾಸ್ ಗಾರ್ಡ್‌ನರ್‌ಗೆ ಸಿಕ್ಕದ್ದು ಮೂರು. ಸಿನ್ಸಿನಾಟಿಯಲ್ಲಿ ಮೂರು ವರ್ಷ ಆಡಿ ಒಂದೂ ಟಚ್‌ಡೌನ್ ಬಿಟ್ಟುಕೊಡದೆ, 2022ರ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ ನಾಲ್ಕನೆಯವನಾಗಿ ಆಯ್ಕೆಯಾದ. ರಿಚರ್ಡ್ ಶೆರ್ಮನ್ ಸ್ಟ್ಯಾನ್‌ಫರ್ಡ್‌ಗೆ ಸೇರಿದ್ದು ರಿಸೀವರ್ ಆಗಿ. ಕಾರ್ನರ್‌ಬ್ಯಾಕ್ ಆದದ್ದು ಆಮೇಲೆ.

ಹಾಗೆಂದು ಚೆಂಡು ಬಾರದವರೆಲ್ಲ ಗಾರ್ಡ್‌ನರ್‌ಗಳಲ್ಲ. ಎಷ್ಟೋ ಹೈಸ್ಕೂಲ್ ತಂಡಗಳು ಚೆಂಡನ್ನು ಎಸೆಯುವುದೇ ಕಡಿಮೆ, ಹಿಡಿದುಕೊಂಡೇ ಓಡುತ್ತವೆ. ಸೊನ್ನೆಗೆ ಎರಡು ಅರ್ಥ: ಯಾರೂ ಧೈರ್ಯ ಮಾಡಲಿಲ್ಲ, ಇಲ್ಲವೇ ಯಾರೂ ಪ್ರಯತ್ನವೇ ಮಾಡಲಿಲ್ಲ. ನನ್ನ ಸಂಶೋಧನೆಯಲ್ಲೂ ದಿನಾ ತಲೆ ತಿನ್ನುವುದು ಇಂಥ ಖಾಲಿ ಮನೆಗಳೇ. ಇಲ್ಲಿ ಅದಕ್ಕೆ ಸೂತ್ರವಿಲ್ಲ; ಇಡೀ ಪಂದ್ಯ ನೋಡಬೇಕು, ಚೆಂಡು ಇಲ್ಲದ ಕಡೆ ನೋಡಬೇಕು.

ಕಳೆದ ವಾರ ಇಬ್ಬರು ಉಳಿದಿದ್ದರು, ಸ್ಕಾಲರ್‌ಶಿಪ್ ಒಂದೇ. ಈ ದೇಶದ ಕಾಲೇಜು ಶುಲ್ಕ ಗೊತ್ತಿದ್ದವರಿಗೆ ಅದರ ತೂಕ ಹೇಳಬೇಕಾಗಿಲ್ಲ. ಒಬ್ಬನದು ಆರು ಇಂಟರ್‌ಸೆಪ್ಷನ್. ಇಡೀ ಪಂದ್ಯದಲ್ಲಿ ನೋಡಿದರೆ ಅವನ ಕಣ್ಣು ಸದಾ ಚೆಂಡಿನ ಮೇಲೆ, ಜೂಜಾಡುತ್ತಾನೆ. ಕಾಲೇಜಿನ ಕ್ವಾರ್ಟರ್‌ಬ್ಯಾಕ್ ಅವನನ್ನು ಕಣ್ಣಲ್ಲೇ ಯಾಮಾರಿಸಿಬಿಡುತ್ತಾನೆ. ಇನ್ನೊಬ್ಬ ಐದು ಅಡಿ ಹತ್ತು ಇಂಚು, ಇಂಟರ್‌ಸೆಪ್ಷನ್ ಒಂದೇ ಒಂದು. ಎರಡನೇ ಕ್ವಾರ್ಟರ್‌ನಲ್ಲಿ ಅವನ ತಲೆ ಮೇಲೆಯೇ ಟಚ್‌ಡೌನ್ ಆಯಿತು. ರೂಮ್‌ಮೇಟ್ ವಿಡಿಯೊ ನಿಲ್ಲಿಸಲಿಲ್ಲ. "ಮುಂದಿನದ್ದು ನೋಡು" ಅಂದ. ಹುಡುಗ ಮತ್ತೆ ಅದೇ ರಿಸೀವರ್ ಎದುರು ಬಂದು ನಿಂತ, ಮೊದಲಿಗಿಂತ ಒಂದು ಹೆಜ್ಜೆ ಹತ್ತಿರ.

ಆಮೇಲೆ ಆ ತಂಡ ಅವನ ಕಡೆ ಎರಡೇ ಸಲ ಎಸೆಯಿತು. ಎರಡೂ ನೆಲಕ್ಕೆ ಬಿದ್ದವು. ನಾನಾದರೆ ಇವನನ್ನೇ ಆರಿಸುತ್ತಿದ್ದೆ. ರೂಮ್‌ಮೇಟ್ ಫಾರ್ಮಿನಲ್ಲಿ ಎತ್ತರ ತುಂಬಿದ, ತೂಕ ತುಂಬಿದ, 40 ಗಜದ ಓಟದ ಜಾಗ ಖಾಲಿ ಬಿಟ್ಟ. ಕೆಳಗೆ ಷರಾ ಬರೆಯುವ ಜಾಗದಲ್ಲಿ ಬೆರಳು ಕೀಲಿಗಳ ಮೇಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದ.